ನೀಲಿ ಮಾರಿಯ ಕಂಪ್ಯೂಟರುಗಳು

ಬೈಲಹೊಂಗಲದಾಗ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಾವನಿಗೆ ಮುಂಜಾನಿ ಫೋನ್ ಬಂತಂದ್ರ ಅದು ಚಲೋ ಸುದ್ದಿ ಇರೂದಿಲ್ಲ. "ಮಾಸ್ತರ್ರ, ಮತ್ತ ನೀಲಿ ಆಗೈತ್ರಿ" ಅನ್ನೂದಽ ಇರತೈತಿ. ಒಮ್ಮೊಮ್ಮಿ ಹಲ್ಲು ತಿಕ್ಕೂದು ತಪ್ಪಸೇನಿ, ಈ ಮಾತು ಕೇಳೂದು ಮಾತ್ರ ಒಂದ್ ದಿನಾನೂ ತಪ್ಪಲಿಲ್ಲ.

ಸಂಗತಿ ಇಷ್ಟ. ಕಂಪ್ಯೂಟರಿನ ಬೋರ್ಡಿಗೂ, ಎಲ್ಲಾ ಮಾಹಿತಿ ತುಂಬಿಟ್ಟಿರೂ ಹಾರ್ಡ್ ಡಿಸ್ಕಿಗೂ ನೇರ ಮಾತಿಲ್ಲ. ನಡುವ ಡ್ರೈವರ್ ಅನ್ನೂ ಸಣ್ಣ ಪ್ರೋಗ್ರಾಮ್ ಒಂದು ದಲಾಲನಂಗ ನಿಂತು ಇದರ ಮಾತು ಅದಕ್ಕ ಮುಟ್ಟಸಬೇಕು. ದಲಾಲ ಬರಲಿಲ್ಲ ಅಂದ್ರ ಮಷೀನ್ ಅರ್ಧಾ ಚಾಲೂ ಆಗಿ, ಪರದೆ ಪೂರಾ ನೀಲಿ ಆಗಿ, ಬಿಳೇ ಅಕ್ಷರದ ಇಂಗ್ಲಿಷ್ ಉಗುಳಿ ನಿಂತ ಬಿಡತೈತಿ. ಜಡ್ಡು ಅಷ್ಟಽ. ಆದ್ರ ಇದಕ್ಕ ಔಷಧ ಕೊಡಾಕ ಹೋಗಿ ನನ್ನ ಅರ್ಧ ಆಯುಷ್ಯ ಬಸ್ಸಿನ್ಯಾಗ ಕಳೀತು, ಉಳದರ್ಧ ಮಂದಿ ಮನ್ಯಾಗ ಚಾ ಕುಡಿಯೂದ್ರಾಗ ಹೋತು.

ಕಪ್ಪು-ಬಶಿ

ಆ ಚಾದ್ದಽ ಮೊದಲ ಹೇಳತೇನಿ. ಮುನವಳ್ಳಿಯೊಳಗ ಒಬ್ಬ ಕಾಳಿನ ವ್ಯಾಪಾರಿ ಹೊಸಾ ಮಷೀನ್ ತಂದಿದ್ರು. ಅದಕ್ಕ ಡಿಸ್ಕಿನ ಡ್ರೈವರ್ ಫ್ಲಾಪಿಯಿಂದ ಹಾಕಬೇಕಿತ್ತು. ಅದು ಹೆಂಗಂದ್ರ, ಸಿಡಿ ಹಾಕಿ ಚಾಲೂ ಮಾಡಿದ ಮ್ಯಾಲ ಪರದೇದ ಬುಡಕ ಒಂದು ಸಾಲು ಬರತೈತಿ: ಡ್ರೈವರ್ ಕೊಡೂದಿದ್ರ ಎಫ್-ಸಿಕ್ಸ್ ಒತ್ತು ಅಂತ. ಕಣ್ಣ ಮುಚ್ಚಿ ತಗಿಯೂದ್ರಾಗ ಹೋಗಿಬಿಡತೈತಿ. ತಪ್ಪಿದ್ರ ಮೊದಲಿಂದ ಶುರು.

ನಾ ಬಟ್ಟು ಗುಂಡಿ ಮ್ಯಾಲ ಇಟಗೊಂಡು ಕುಂತಿದ್ದೆ. ಸಾಲು ಬಂತು ಅನ್ನೂದ್ರಾಗ ಸಾವಕಾರ್ರು, "ಮಾಸ್ತರ್ರ, ಚಾ ತಗೋರಿ" ಅಂತ ಕಪ್ಪು-ಬಶಿ ಮುಂದ ಹಿಡದ್ರು. ಕುದಿಯೂ ಚಾ, ಅಂಚಿನ ತನಕ ತುಂಬಿದ್ದು. ಒಂದ್ ಕೈಲೆ ಹಿಡಿಯಾಕ ಬರೂದಿಲ್ಲ. ಎರಡೂ ಕೈಲೆ ಹಿಡದೆ. ಸಾಲು ಹೋತು.

ಬಶ್ಯಾಗ ಹಾಕ್ಕೊಂಡು ಸುರ್ರಂತ ಕುಡದು ಮತ್ತ ಶುರು ಮಾಡಿದೆ. ಸಾಲು ಬರೂ ಹೊತ್ತಿಗೆ ಸಾವಕಾರ್ರ ತಮ್ಮಾರು ಒಳಗ ಬಂದು, "ಅಯ್ಯ, ಮಾಸ್ತರ್ರಿಗೆ ಚಾ ಕೊಟ್ಟಿಲ್ಲೇನ?" ಅಂದ್ರು. ಕೊಟ್ಟೇವಿ ಅಂತ ಸಾವಕಾರ್ರು ಹೇಳೂದ್ರಾಗ ಅವರೂ ಒಂದು ಕಪ್ಪು ಹಿಡದ ಬಿಟ್ರು. ಬ್ಯಾಡ ಅಂದೆ. "ನಮ್ಮ ಅಣ್ಣನ ಚಾ ನಡೀತೈತಿ, ನಮ್ಮದು ನಡಿಯೂದಿಲ್ಲೇನ್ರಿ?" ಅಂತ ಮಾರಿ ಸಣ್ಣ ಮಾಡಿದ್ರು. ಹೋತು, ಮತ್ತ ಎರಡೂ ಕೈ, ಮತ್ತ ಸಾಲು ಹೋತು.

ಮೂರನೇ ಸಲ ನಾನಽ ಕೈ ಮುಗದು ಹೇಳಿದೆ: "ಸಾವಕಾರ್ರ, ನಿಮ್ಮ ಪಾದಕ್ಕ ಬೀಳತೇನಿ, ಈ ಗುಂಡಿ ಒತ್ತೂ ತನಕ ಚಾ ತರಬ್ಯಾಡ್ರಿ."

ಸಾವಕಾರ್ರು ಭಾಳ ನೊಂದಕೊಂಡ್ರು. ಎದ್ದು ಒಳಗ ಹೋದ್ರು. ಸಾಲು ಬರೂ ಟೈಮಿಗೆ ಸರಿಯಾಗಿ ಹೊರಗ ಬಂದು ಅಂದ್ರು: "ಚಾ ಆಗೂದಿಲ್ಲ ಅಂದ್ರ ಬಿಡ್ರಿ, ಮಜ್ಜಿಗಿ ತಂದೇನಿ."

ಕಡೀಕ ಕೆಲಸ ಹೆಂಗ ಆತು ಅಂದ್ರ, ಸಾವಕಾರ್ರು ಮಜ್ಜಿಗಿ ವಾಟಗಾ ತಾವಽ ನನ್ನ ಬಾಯಿಗೆ ಹಿಡದ್ರು, ನಾ ಕುಡಕೋತ ಎಫ್-ಸಿಕ್ಸ್ ಒತ್ತಿದೆ.

ಮೊದಲ ಸಲ ನೋಡಾವರು

ಕಿತ್ತೂರ ಕಡೆ ಒಂದು ಸಾಲಿ. ಹೆಡ್ ಮಾಸ್ತರ್ರು ಇಂಗ್ಲಿಷ್ ಕಲಸಾವರು, ಶಿಸ್ತಿನ ಮನಶ್ಯಾ. ಮುಂಜಾನಿ ಫೋನ್ ಮಾಡಿ ನೀಲಿ ಬಂದೈತಿ ಅಂದ್ರು. ನನ್ನ ಬಸ್ಸು ಕೆಟ್ಟು, ನಾ ಮುಟ್ಟೂದ್ರಾಗ ಮಧ್ಯಾಹ್ನ ಆತು. ನೋಡತೇನಿ, ಆಫೀಸಿನ ಹೊರಗ ಮಾಸ್ತರ್ರೆಲ್ಲಾ ಪಾಳಿ ಹಚ್ಚಿ ನಿಂತಾರ. ಒಬ್ಬೊಬ್ರಽ ಒಳಗ ಹೋಗ್ತಾರ, ಸ್ವಲ್ಪ ಹೊತ್ತಿಗೆ ತಲಿ ಅಲ್ಲಾಡಿಸಿಕೋತ ಹೊರಗ ಬರ್ತಾರ. ಯಾರರ ತೀರಿಕೊಂಡ್ರೇನ ಅಂತ ಚಪ್ಪಲ್ ಬಿಟ್ಟು ಒಳಗ ಹೋದೆ.

"ಏನ್ ನಡದೈತ್ರಿ ಇದು?" ಅಂತ ಹೆಡ್ ಮಾಸ್ತರ್ರನ್ನ ಕೇಳಿದೆ.

ಅವರು ಪರದೆಗೆ ಬೆರಳು ಇಟ್ಟು ಓದಿ ಅರ್ಥಾ ಹೇಳಿದ್ರು: "ಸ್ಪಷ್ಟ ಬರದಾರ ನೋಡ್ರಿ. 'ಈ ಪರದೆಯನ್ನು ನೀವು ನೋಡುತ್ತಿರುವುದು ಇದೇ ಮೊದಲ ಸಲವಾದರೆ, ಯಂತ್ರವನ್ನು ಮತ್ತೆ ಚಾಲೂ ಮಾಡಿರಿ' ಅಂತ. ನಾ ಮೊದಲ ಸಲ ನೋಡಿದೆ, ಮಾಡಿದೆ, ಆಗಲಿಲ್ಲ. ಎರಡನೇ ಸಲ ನಾನಽ ಮಾಡಿದ್ರ ನಿಯಮ ಮುರದಂಗ ಆಗತೈತಿ. ಅದಕ್ಕ, ಇನ್ನೂ ನೋಡದಾವರನ್ನ ಒಬ್ಬೊಬ್ಬರನ್ನಽ ಕರಸಾಕತ್ತೇನಿ."

ಅರ್ಧಾ ಮಾಸ್ತರ್ರದು ಮುಗದಿತ್ತು, ಜವಾನಂದು ಮುಗದಿತ್ತು, ಅಡಗಿ ಮಾಡೂ ಅಕ್ಕಾರೂ ಕೈ ಒರಸಿಕೋತ ಬಂದು ಗುಂಡಿ ಒತ್ತಿ ಹೋಗಿದ್ರು. ಹೆಡ್ ಮಾಸ್ತರ್ರು ಭಾಳ ಆಸೆಲೆ ನನ್ನ ಕೈ ಹಿಡದು, "ನೀವಂತೂ ಇನ್ನೂ ನೋಡಿಲ್ಲಲ್ರಿ, ಬರ್ರಿ, ಕುಂದರ್ರಿ" ಅಂದ್ರು.

"ಸರ್, ನನ್ನ ಹೆಂಡತಿ ಮಾರಿಗಿಂತ ಇದನ್ನಽ ಜಾಸ್ತಿ ನೋಡೇನಿ" ಅಂದೆ.

"ಹಂಗಾದ್ರ ನೀವು ಉಪಯೋಗಕ್ಕ ಬರೂದಿಲ್ಲ ಬಿಡ್ರಿ" ಅಂದ್ರು.

ಸವದತ್ತಿಯ ಜಾತಕ

ಇದು ಮಾತ್ರ ನಾ ಸಾಯೂ ತನಕ ಮರಿಯೂದಿಲ್ಲ.

ಸವದತ್ತಿಯೊಳಗ ಒಬ್ಬ ಶಾಸ್ತ್ರಿಗಳು. ಕಂಪ್ಯೂಟರಿನ್ಯಾಗ ಜಾತಕ ಕೂಡಸಿ, ಕಾಗದದ ಮ್ಯಾಲ ಹೊಡದು ಕೊಡ್ತಿದ್ರು. ಹಳೇ ಬೋರ್ಡ್ ಸುಟ್ಟು, ಯಾರೋ ಹೊಸಾದು ಹಾಕಿ ಹೋಗಿದ್ರು. ಹಾಕಿದ ದಿನದಿಂದ ನೀಲಿ. ಶುಕ್ರವಾರ ಮುಂಜಾನಿ ನಾ ಹೋದ್ರ, ಶಾಸ್ತ್ರಿಗಳಕಿಂತ ಮೊದಲ ಒಬ್ಬ ತಾಯಿ ಬಾಗಲದಾಗ ನಿಂತಿದ್ರು. ಕಟಕೋಳದ ಕಡ್ಯಾವರು. ಹಿಂದ ಅವರ ಯಜಮಾನರು ನಿಂತಿದ್ರು.

"ಲಗೂ ಮಾಡ್ರಿ ಮಾಸ್ತರ್ರ" ಅಂದ್ರು ಆ ತಾಯಿ. "ನನ್ನ ಮಗಳು ಬಂದ ಬಂದ ವರಾನೆಲ್ಲಾ ಒಲ್ಲೆ ಅಂದಾಕಿ. ಈ ರಾಮದುರ್ಗದ ಹುಡುಗನಿಗೆ ಹೂಂ ಅಂದಾಳ. ಹುಡುಗನೂ ಹೂಂ ಅಂದಾನ. ಹುಡುಗನ ಅಜ್ಜ, ಅವರ ಮುತ್ಯಾ ಒಬ್ಬಾಂವ, ಕಂಪ್ಯೂಟರಿನ್ಯಾಗ ಜಾತಕ ಕೂಡಿದ್ರಽ ಮುಂದಿನ ಮಾತು ಅಂತಾನ. ಹನ್ನೆರಡರ ಮ್ಯಾಲ ಬರ್ತಾರ. ಇದು ತಪ್ಪಿದ್ರ ಆಕಿ ಮತ್ತ ಯಾರಿಗೂ ಹೂಂ ಅನ್ನೂದಿಲ್ಲ, ಬರದ ಕೊಡತೇನಿ."

ನಾ ಸ್ವಿಚ್ಚಿಗೆ ಕೈ ಹಚ್ಚಿದೆ. ಶಾಸ್ತ್ರಿಗಳು, "ತಡೀರಿ! ರಾಹುಕಾಲ ಶುರುವಾತು. ಹನ್ನೆರಡರ ತನಕ ಹಚ್ಚಬ್ಯಾಡ್ರಿ" ಅಂದ್ರು.

"ಹಚ್ಚದಽ ರಿಪೇರಿ ಹೆಂಗ ಮಾಡಲ್ರಿ?"

"ಬಿಚ್ಚಲಿಕ್ಕೆ ಅಡ್ಡಿ ಇಲ್ಲ. ಬಿಚ್ಚೂದು ಹೊಸಾ ಕೆಲಸ ಅಲ್ಲ. ಹಚ್ಚೂದು ಮಾತ್ರ ಆಮ್ಯಾಲ."

ಒಂದೂವರಿ ತಾಸು ಬಿಚ್ಚಿ ಕುಂತೆ. ಧೂಳಾ ಜಾಡಿಸಿದೆ, ಸ್ಕ್ರೂ ತಗದೆ, ಮತ್ತ ಹಾಕಿದೆ. ಆ ತಾಯಿ ಗಡಿಯಾರ ನೋಡೂದು, ನನ್ನ ನೋಡೂದು. ಇಂಥಾ ಕಣ್ಣು ನನ್ನ ಸಾಲಿ ಪರೀಕ್ಷಾದಾಗೂ ನಾ ಕಂಡಿದ್ದಿಲ್ಲ.

ಹನ್ನೆರಡು ಹೊಡೀತು. ಹಚ್ಚಿದೆ. ಹೊಸಾ ಬೋರ್ಡಿನ ಸೆಟ್ಟಿಂಗ್‌ದಾಗ ಡಿಸ್ಕ್ ಹೊಸಾ ಪದ್ಧತಿಲೆ ನಡೀಬೇಕು ಅಂತ ಇತ್ತು. ಅದಕ್ಕ ಬೇಕಾದ ಡ್ರೈವರ್ ಆ ಮಷೀನ್ಯಾಗ ಇರಲಿಲ್ಲ. ಹಳೇ ಪದ್ಧತಿಗೆ ತಿರುಗಿಸಿದೆ, ಮತ್ತ ಚಾಲೂ ಮಾಡಿದೆ. ನೀಲಿ ಬರಲಿಲ್ಲ. ಮಷೀನ್ ಸಣ್ಣಗ ರಾಗ ಹಾಡಿ ಎದ್ದು ಕುಂತಿತು. ಆ ತಾಯಿ ಎರಡೂ ಕೈಲೆ ನನ್ನ ದೃಷ್ಟಿ ತಗದು ಲಟಿಗಿ ಮುರದ್ರು. ಖರೇ ಹೇಳತೇನಿ, ಅಷ್ಟೂ ವರ್ಷದ ದಣಿವು ಇಳದಂಗ ಆತು ನನಗ.

ಶಾಸ್ತ್ರಿಗಳು ಹುಡುಗಿದು, ಹುಡುಗಂದು ಹುಟ್ಟಿದ ವೇಳ್ಯಾ ಹಾಕಿದ್ರು. ಗುಂಡಿ ಒತ್ತಿದ್ರು. ಮೂವತ್ತಾರು ಗುಣದಾಗ ಹದಿನೆಂಟರ ಕೂಡಬೇಕು. ಹನ್ನೊಂದು ಬಂತು.

ಯಜಮಾನರು ಟೊಪಗಿ ತಗದು ತಲಿ ಕೆರಕೊಂಡ್ರು. ಹೊರಗ ಜೀಪು ಬಂದು ನಿಂತ ಸಪ್ಪಳಾತು. ಆ ತಾಯಿ ಪರದೆ ನೋಡಿದ್ರು, ಬಾಗಲಾ ನೋಡಿದ್ರು, ನನ್ನ ನೋಡಿದ್ರು.

"ಮಾಸ್ತರ್ರ, ಇದು ಮುಂಜಾನಿ ಹೆಂಗಿತ್ತೋ ಹಂಗ ಮಾಡ್ರಿ."

"ಅಕ್ಕಾರ, ಈಗ ಸರಿ ಆಗೈತಲ್ರಿ!"

"ಸರಿ ಆಗಿದ್ದಽ ತಪ್ಪಾತು. ಕೆಡಸ್ರಿ ಅದನ್ನ, ಲಗೂ!"

ನಾ ಶಾಸ್ತ್ರಿಗಳ ಮಾರಿ ನೋಡಿದೆ. ಅವರು ಕಿಟಕಿ ಹೊರಗ ಏನೋ ಭಾಳ ಮಹತ್ವದ್ದು ಹಾರಿ ಹೋದಂಗ ಆಕಾಶ ನೋಡಾಕತ್ತಿದ್ರು. ನಾ ಸೆಟ್ಟಿಂಗ್ ಮೊದಲಿನಂಗ ತಿರುಗಿಸಿದೆ. ಮುತ್ಯಾ ಹೊಸ್ತಲಾ ದಾಟೂದಕ್ಕೂ ಪರದೆ ನೀಲಿ ಆಗೂದಕ್ಕೂ ಸರಿಹೋತು.

ಮುತ್ಯಾ ಕೋಲು ಊರಿಕೊಂಡು ಬಂದು ಪರದೆ ಮುಂದ ಬಗ್ಗಿದ್ರು. "ಏನ ಬರದೈತಿ ಇದರಾಗ?"

ಎಲ್ಲಾರೂ ನನ್ನ ಕಡೆ ನೋಡಿದ್ರು. "ಡಿಸ್ಕ್ ಸಿಗವಲ್ದು ಅಂತ ಬರದೈತ್ರಿ ಅಜ್ಜಾರ" ಅಂದೆ.

"ಹುಡುಗಿ ಬಗ್ಗೆ ಏನರ ಕೆಟ್ಟದ್ದು?"

"ಹುಡುಗಿ ಬಗ್ಗೆ ಒಂದಕ್ಷರಾನೂ ಇಲ್ರಿ."

"ಹಂಗಾದ್ರ ಅಡ್ಡಿ ಇಲ್ಲ" ಅಂತ ಮುತ್ಯಾ ಕುಂತ್ರು. ಶಾಸ್ತ್ರಿಗಳು ಗಂಟಲಾ ಸರಿ ಮಾಡಿಕೊಂಡು, "ಯಂತ್ರ ಕೈ ಕೊಟ್ಟಾಗ ಹೆಸರಬಲ ನೋಡೂದು ಪದ್ಧತಿನಽ ಅದ" ಅಂದ್ರು. ಇಬ್ಬರ ಹೆಸರಿನ ಮೊದಲ ಅಕ್ಷರ ಹಿಡದು ಬೆರಳ ಮ್ಯಾಲ ಎಣಿಸಿದ್ರು. ಭಾಳ ಚಲೋ ಕೂಡಿ ಬಂತು. ಆ ತಾಯಿ ಸೆರಗಿನ್ಯಾಗ ಕಣ್ಣೊರಸಿಕೊಂಡು ಎಲ್ಲಾರ ಬಾಯಿಗೂ ಸಕ್ಕರಿ ಹಾಕಿದ್ರು. ನನ್ನ ಬಾಯಿಗೆ ಎರಡು ಸಲ ಹಾಕಿದ್ರು. ಆ ಹುಡುಗ-ಹುಡುಗಿ ಈಗ ರಾಮದುರ್ಗದಾಗ ಆರಾಮ ಅದಾರ.

ಬೀಗರೆಲ್ಲಾ ಹೋದ ಮ್ಯಾಲ ನಾ ಚೀಲಾ ಹೆಗಲಿಗೆ ಹಾಕ್ಕೊಂಡು, "ಶಾಸ್ತ್ರಿಗಳಽ, ಇನ್ನ ಪಕ್ಕಾ ಸರಿ ಮಾಡಿ ಹೋಗ್ತೇನಿ ತಡೀರಿ" ಅಂದೆ.

ಶಾಸ್ತ್ರಿಗಳು ಬಾಗಲಾ ಮುಚ್ಚಿ ನನ್ನ ಹತ್ತರ ಬಂದು ಸಣ್ಣ ದನಿಲೆ ಅಂದ್ರು:

"ಸರಿ ಮಾಡ್ರಿ. ಆದ್ರ ಆ ನೀಲಿ ಹೆಂಗ ತರೂದು ಅಂತ ನನಗೂ ಒಂದಿಷ್ಟು ಕಲಿಸಿ ಹೋಗ್ರಿ. ಲಗ್ನದ ಸೀಸನ್ ಬರ್ಲಿಕ್ಕೆ ಹತ್ತೇದ."