ಹೆಡ್‌ಮಾಸ್ಟರಿಗೆ ಸಿಕ್ಕ ಪಾರ್ಟು

ಗಂಗಾಧರಪ್ಪ: ಆ ಹೆಡ್‌ಮಾಸ್ಟ್ರು ನಾನಲ್ಲ ಕಣಮ್ಮ.

ಪವಿತ್ರಾ: ನೀವೇ ಅಂತ ಮಕ್ಕಳು ಕತೇಲಿ ಎಲ್ಲೂ ಹೇಳಿಲ್ಲವಲ್ಲ ಸಾರ್.

ಗಂಗಾಧರಪ್ಪ: ಬೇಸಿಗೇಲೂ ಮಫ್ಲರ್ ಸುತ್ಕೊಂಡು ಪ್ರೇಯರಿಗೆ ನಿಲ್ಲೋ ಹೆಡ್‌ಮಾಸ್ಟ್ರು ಕೋಟೆ ತಾಲ್ಲೂಕಲ್ಲಿ ಇನ್ಯಾರಿದಾರೆ, ನೀವೇ ಹೇಳಿ.

ಹ್ಯಾಂಡ್‌ಪೋಸ್ಟ್ ಎಂಬ ಊರಿನಾಚೆಗಿನ ಆ ಹೈಸ್ಕೂಲಿಗೆ ಪವಿತ್ರಾ ಮೈಸೂರಿನಿಂದ ಸಂಶೋಧನೆಗೆಂದು ಬಂದಿದ್ದಳು. ಸಂಶೋಧನೆ ಎಂದರೆ ಪ್ರಶ್ನಾವಳಿ ಹಂಚುವುದು, ಶೇಕಡಾವಾರು ಲೆಕ್ಕ ತೆಗೆಯುವುದು, ಮಧ್ಯಾಹ್ನದ ಬಸ್ಸಿಗೆ ಹೊರಟುಹೋಗುವುದು ಎಂದೇ ನಂಬಿ ಹೆಡ್‌ಮಾಸ್ಟರು ಗಂಗಾಧರಪ್ಪನವರು ಅನುಮತಿ ಕೊಟ್ಟಿದ್ದರು. ಈಕೆ ನೋಡಿದರೆ, ನಿಮ್ಮ ಶಾಲೆಯ ಒಂದು ದಿನವನ್ನು ನೀವೇ ಕತೆ ಕಟ್ಟಿ ಆಡಿ ತೋರಿಸಿ ಎಂದು ಎಂಟನೇ ಕ್ಲಾಸಿನವರಿಗೆ ಹೇಳಿಬಿಟ್ಟಳು. ಅವರು ಕಟ್ಟಿದ್ದು ತಡವಾಗಿ ಬಂದ ಹುಡುಗಿಯೊಬ್ಬಳ ಕತೆ. ಅದರಲ್ಲಿ ಮಫ್ಲರ್ ಸುತ್ತಿದ ಹೆಡ್‌ಮಾಸ್ಟರು ಯಾಕೆ ಲೇಟು ಎಂದು ಕೇಳುತ್ತಾರೆ, ಹುಡುಗಿ ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ತಾವೇ ಕೊಡುತ್ತಾರೆ, ಆ ಉತ್ತರ ಶುದ್ಧ ಸುಳ್ಳೆಂದು ತೀರ್ಮಾನಿಸಿ ಅವಳನ್ನು ಹೊರಗೆ ನಿಲ್ಲಿಸುತ್ತಾರೆ. ಈ ಕತೆ ಪ್ರಬಂಧವಾಗಿ ವಿಶ್ವವಿದ್ಯಾಲಯ ಸೇರುವುದೂ ಗಂಗಾಧರಪ್ಪನವರು ನಿವೃತ್ತರಾಗುವುದೂ ಅದೇ ಮಾರ್ಚಿಗೆ ಎಂಬುದು ಅವರ ಸಂಕಟ.

ಗಂಗಾಧರಪ್ಪ: ಇಷ್ಟು ವರ್ಷ ಸರ್ವೀಸು ಮಾಡಿದೋನ್ನ ಕೊನೇಲಿ ಹಿಂಗಾ ಕಳ್ಸೋದು?

ಪವಿತ್ರಾ: ಊರು, ಶಾಲೆ, ಯಾವ ಹೆಸರೂ ಇರಲ್ಲ ಸಾರ್. ಮಕ್ಕಳ ಅನುಭವ ಅವರ ಮಾತಲ್ಲೇ ಬರಲಿ ಅಂತ...

ಗಂಗಾಧರಪ್ಪ: ...ಅಂತ ಕತೆ ಹೇಳಿಸ್ತೀರಿ. ಗೊತ್ತು ಬುಡಿ. ಕತೆ ಅಂದ್ರೆ ಸುಳ್ಳು. ಸುಳ್ಳಿಗೂ ಡಾಕ್ಟರೇಟು ಕೊಡ್ತಾರಾ ಈಗ?

ಪವಿತ್ರಾ: ಪ್ರಶ್ನಾವಳೀನೂ ಕೊಟ್ಟಿದ್ದೆ ಸಾರ್. ‘ಮುಖ್ಯೋಪಾಧ್ಯಾಯರು ನಮ್ಮ ಮಾತು ಕೇಳುತ್ತಾರೆ’ ಅನ್ನೋದಕ್ಕೆ ಅಷ್ಟೂ ಜನ ಹೌದು ಅಂತ ಗುರುತು ಹಾಕಿದ್ರು.

ಗಂಗಾಧರಪ್ಪ: ನೋಡಿದ್ರಾ. ಸಂಶೋಧನೆ ಅಂದ್ರೆ ಅದು.

ಪವಿತ್ರಾ: ನೀವು ಅವರ ಹಿಂದೇನೇ ನಿಂತಿದ್ರಿ ಸಾರ್.

ಗಂಗಾಧರಪ್ಪನವರು ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಂಡು ರಾಜಿಗೆ ಇಳಿದರು. ಹೆಡ್‌ಮಾಸ್ಟರ ಬದಲು ಡ್ರಿಲ್ ಮಾಸ್ಟರು ಕೇಳಿದ ಹಾಗೆ ತಿದ್ದಬಹುದೇ ಎಂದರು. ಆಗದು ಎಂದಾಗ, ಕತೆಯೊಳಗೇ ಆ ಹೆಡ್‌ಮಾಸ್ಟರನ್ನು ಪಿರಿಯಾಪಟ್ಟಣಕ್ಕೆ ವರ್ಗ ಮಾಡಿಬಿಡಿ ಎಂದು ಕೇಳಿಕೊಂಡರು. ಅದೂ ಆಗದೆಂದ ಮೇಲೆ ಕೊನೆಯ ಅಸ್ತ್ರ ತೆಗೆದರು.

ಗಂಗಾಧರಪ್ಪ: ಹಂಗಾದ್ರೆ ಆ ಪಾರ್ಟು ನಾನೇ ಮಾಡ್ತೀನಿ. ನನ್ನ ನನಗಿಂತ ಚೆನ್ನಾಗಿ ಇನ್ಯಾರು ಮಾಡ್ತಾರೆ?

ಪವಿತ್ರಾ: ಮಕ್ಕಳನ್ನ ಒಂದ್ಮಾತು ಕೇಳಿ...

ಗಂಗಾಧರಪ್ಪ: ಒಪ್ಕೊಂಡ್ರು, ಬನ್ನಿ.

ಆವರೆಗೆ ಹೆಡ್‌ಮಾಸ್ಟರಾಗಿದ್ದ ಚಂದು ಒಲ್ಲದ ಮನಸ್ಸಿನಿಂದ ಪದವಿ ಬಿಟ್ಟುಕೊಟ್ಟ. ತಡವಾಗಿ ಬರುವ ಹುಡುಗಿ ಬೀಚನಹಳ್ಳಿಯ ಸೌಂದರ್ಯ. ಅವಳು ಓಡುತ್ತ ಬಂದು, ತಲೆ ತಗ್ಗಿಸಿ ಬಾಗಿಲಲ್ಲಿ ನಿಂತಳು.

ಗಂಗಾಧರಪ್ಪ (ಅಳಿಯನನ್ನು ಊಟಕ್ಕೆ ಕರೆಯುವಷ್ಟು ಮೃದುವಾಗಿ): ಯಾಕವ್ವ ಲೇಟು?

‘ಬಸ್ಸು ಬರ್ನಿಲ್ಲ ಅಂತೀಯ’ ಎಂಬುದು ಅವರ ನಾಲಿಗೆಯ ತುದಿಯವರೆಗೂ ಬಂತು. ಕಷ್ಟಪಟ್ಟು ನುಂಗಿಕೊಂಡರು. ಪವಿತ್ರಾಳ ಕಡೆ ಓರೆಗಣ್ಣಲ್ಲಿ ನೋಡಿದರು, ಅವಳು ಬರೆದುಕೊಳ್ಳುತ್ತಿದ್ದಳು. ಸೌಂದರ್ಯ ಮಾತ್ರ ತುಟಿ ಬಿಚ್ಚಲಿಲ್ಲ. ಚಂದುವಿನ ಮುಖ ನೋಡಿದಳು, ಆಮೇಲೆ ಬಾಗಿಲ ಚೌಕಟ್ಟು ನೋಡಿದಳು.

ಗಂಗಾಧರಪ್ಪ: ಹೇಳು ಮಗಾ. ನಾನು ಬಾಯೇ ಬಿಡಲ್ಲ. ಕಾಯ್ತೀನಿ.

ಸೌಂದರ್ಯ: ನೀವೇಯ ಮಾತಾಡ್ಬೇಕು ಸಾ.

ಗಂಗಾಧರಪ್ಪ: ಲೇಟಾಗಿ ಬಂದೋಳು ನೀನು. ನಾನ್ಯಾಕೆ ಮಾತಾಡ್ಲಿ?

ಸೌಂದರ್ಯ: ಕತೆ ಇಲ್ಲೀಗಂಟ ಯಾವತ್ತೂ ಬಂದೇ ಇಲ್ಲ ಸಾ. ಇಲ್ಲಿಂದ ಮುಂದ್ಕೆ ನಾವು ಮಾತೇ ಕಟ್ಟಿಲ್ಲ.

ಪವಿತ್ರಾಳ ಪೆನ್ನು ನಿಂತಿತ್ತು. ಗಂಗಾಧರಪ್ಪನವರು ಮೆಲ್ಲಗೆ ಕುರ್ಚಿ ಎಳೆದುಕೊಂಡು ಕೂತರು.

ಗಂಗಾಧರಪ್ಪ: ಹಂಗಾದ್ರೆ ಈಗ ಕಟ್ಟು. ಯಾಕೆ ಲೇಟಾಯ್ತು?



ಸೌಂದರ್ಯ: ನಿಜವಾದ್ದು ಹೇಳ್ಲಾ ಸಾ, ಇಲ್ಲ ನೀವು ನಂಬೋಂಥದ್ದಾ?