ಬರ್ತೀನಿ ಅಂದಮೇಲೆ

ಊರಿನ ಮನೆಯಲ್ಲಿದ್ದಾಗ ನನಗೆ ಯಾವ ಸುಖವೂ ಇಲ್ಲ ಎಂದೇ ತಿಳಿದಿದ್ದೆ. ಫ್ಯಾನು ಕಿರುಗುಟ್ಟುತ್ತಿತ್ತು, ದಿಂಬು ಗಂಟುಗಂಟಾಗಿತ್ತು. ಸೋಪು ತರಲು ಹೊರಟರೂ ಹೊಸ್ತಿಲಲ್ಲಿ ನಿಂತು "ಅಮ್ಮಾ, ಬರ್ತೀನಿ" ಎನ್ನುತ್ತಿದ್ದೆ. ಅಮ್ಮ ತಲೆಯೆತ್ತದೆ "ಹ್ಞೂಂ, ಬಾ" ಎನ್ನುತ್ತಿದ್ದಳು. ಅದೂ ಒಂದು ಸುಖ ಎಂದು ತಿಳಿಯಲು ನಾನು ವಿಮಾನ ಹತ್ತಬೇಕಾಯಿತು.

ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳಲಾರದೆ ಶಾಲೆ ಬಿಟ್ಟವಳು ನಾನು. (ಉತ್ತರ ಗೊತ್ತಿರುತ್ತಿತ್ತು. ಎದ್ದು ನಿಲ್ಲುವುದೇ ಕಷ್ಟ.) ಹೊರದೇಶದಲ್ಲಿ ಬಟ್ಟೆ ರಿಪೇರಿ ಅಂಗಡಿ ಇಟ್ಟಿರುವ ಅಕ್ಕ, ಭಾವ ನನ್ನನ್ನು ಕರೆಸಿಕೊಂಡರು. ಪ್ಯಾಂಟಿನ ಅಂಚು ಮಡಿಸಿ ಹೊಲಿಯುವುದು, ಹೊಲಿದದ್ದನ್ನು ಗಿರಾಕಿಗಳ ಮನೆಗೆ ಮುಟ್ಟಿಸುವುದು ನನ್ನ ಕೆಲಸ. ಮೊದಲನೆಯದು ಸಲೀಸು, ಪ್ಯಾಂಟು ಮಾತಾಡಿಸುವುದಿಲ್ಲ. ಎರಡನೆಯದಕ್ಕೆ ಆ ದೇಶದ ಭಾಷೆ ಬೇಕು. ಭಾವ ಕಲಿಸಿದ ಪದಗಳನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸುತ್ತ ನಡೆಯುತ್ತಿದ್ದೆ.

ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ ಪಿಯಾನೋ ಕಲಿಸುವ ಅಜ್ಜಿಯೊಬ್ಬರಿದ್ದರು. ಕೋಟು ಕೊಟ್ಟು ಸುಮ್ಮನೆ ಬೆನ್ನು ತಿರುಗಿಸುವುದು ಮರ್ಯಾದೆಯಲ್ಲ ಎಂದು, ಒಂದೊಂದು ಅಕ್ಷರವನ್ನೂ ತಿದ್ದಿಕೊಂಡು, ಅವರ ಭಾಷೆಯಲ್ಲಿ "ನಾನು ಬರುತ್ತೇನೆ" ಎಂದೆ. ಅಜ್ಜಿಯ ಮುಖ ಅರಳಿತು. ನನ್ನ ಉಚ್ಚಾರಣೆಯ ಮಹಿಮೆ ಎಂದು ಬೀಗುತ್ತ ಮೆಟ್ಟಿಲಿಳಿದೆ.

ಮರುದಿನ ಅಜ್ಜಿ ಮೂಗು ಒರೆಸಿಕೊಳ್ಳುತ್ತ ಅಂಗಡಿಗೇ ಬಂದರು. ಅವರು ಹೇಳಿ ಹೋದದ್ದನ್ನು ಭಾವ ಕನ್ನಡಕ್ಕೆ ತಂದರು.

"ಏನಮ್ಮಾ ಮೌನಗೌರಿ, ಬರ್ತೀನಿ ಅಂದ್ಯಂತೆ?"

"ಅಂದೆ ಭಾವ."

"ಆಮೇಲೆ ಹೋಗ್ಲೇ ಇಲ್ವಂತೆ?"

"ಹೊರಟು ಬರೋವಾಗ್ಲೇ ಅಲ್ವಾ ಹಾಗನ್ನೋದು?"

"ಅಯ್ಯೋ ತಾಯಿ. ಅವರು ನಿನಗೂ ಒಂದು ಕಪ್ಪು ಟೀ ಮಾಡಿಟ್ಟು, ಆ ಚಳೀಲಿ ಬಾಗಿಲು ತೆಗೆದಿಟ್ಕೊಂಡು ಕಾದಿದ್ದಾರೆ. ಈಗ ನೆಗಡಿ."

ಅಕ್ಕ ಸೂಜಿಯಿಂದ ತಲೆಯೆತ್ತಿದಳು. "ಆ ಬಿಲ್ಡಿಂಗಿನ ಬಟ್ಟೆಯೆಲ್ಲ ಅವರ ಮಾತಿನ ಮೇಲೇ ನಮಗೆ ಬರೋದು ಕಣೇ. ಅನ್ನದಾತೆ ಅವರು. ಇನ್ನೊಂದ್ಸಲ ಹೀಗಾದ್ರೆ ನೀನು ಒಳಗೇ ಕೂತು ಅಂಚು ಹೊಲಿ. ಹೊರಗೆ ಕಳ್ಸಲ್ಲ."

ಮೊದಲಾಗಿದ್ದರೆ ಇದು ನನಗೆ ಶಿಕ್ಷೆಯಲ್ಲ, ವರ. ಆದರೆ ಯಾರೋ ಬಾಗಿಲು ತೆಗೆದಿಟ್ಟು ನನ್ನ ದಾರಿ ಕಾದಿದ್ದರು ಎಂದು ಕೇಳಿದ ಮೇಲೆ ಒಳಗೇ ಕೂರಲು ಮನಸ್ಸು ಒಪ್ಪಲಿಲ್ಲ.

"ಹಾಗಾದ್ರೆ ಏನನ್ಬೇಕು ಭಾವ?"

"ಹೋಗ್ತೀನಿ ಅನ್ನು. ಅಷ್ಟೇ."

ಅಷ್ಟೇ ಅಂತೆ. ಮನೆಯಲ್ಲಿ ಹಾಗೆಂದಿದ್ದರೆ ಅಮ್ಮ ವಾಪಸು ಕರೆದು, ಕೂರಿಸಿ, ಮತ್ತೆ ಹೇಳಿಸುತ್ತಿದ್ದಳು. ಆದರೂ ಕನ್ನಡಿಯ ಮುಂದೆ ನಿಂತು ಎರಡೂ ಭಾಷೆಗಳಲ್ಲಿ ಅಭ್ಯಾಸ ಮಾಡಿದೆ. ಎಷ್ಟು ಮಾಡಿದೆನೆಂದರೆ, ಅಮ್ಮನ ಜೊತೆ ಫೋನಿನಲ್ಲಿ ಮಾತು ಮುಗಿಸುವಾಗ "ಇಡ್ತೀನಿ" ಎನ್ನಬೇಕಾದವಳು "ಹೋಗ್ತೀನಮ್ಮಾ" ಎಂದುಬಿಟ್ಟೆ.

"ಏನಂದೆ? ಎಲ್ಲಿಗೇ ಹೋಗೋದು? ನಾಲಿಗೆ ಎಲ್ಲಾದ್ರೂ ಅಡ ಇಟ್ಯಾ? ಸರಿಯಾಗಿ ಹೇಳು."

"ಬರ್ತೀನಮ್ಮಾ."

"ಹ್ಞೂಂ, ಬಾ."

ಆ ಒಂದಕ್ಷರ ಕಿವಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. ಫೋನಿಟ್ಟು ಮೂಗು ಒರೆಸಿಕೊಂಡೆ. (ನೆಗಡಿಯಲ್ಲ.)

ಕನ್ನಡಿಯ ಮುಂದಿನ ನನ್ನ ತಪಸ್ಸೆಲ್ಲ ಆ ಒಂದಕ್ಷರದಲ್ಲಿ ಕರಗಿಹೋಗಿತ್ತು. ಮರುದಿನ ಅಜ್ಜಿಗೆ ಕರ್ಟನ್ ಕೊಟ್ಟು ಬಾಯಿ ತೆರೆದರೆ ಹೊರಬಿದ್ದದ್ದು "ನಾನು ಬರುತ್ತೇನೆ." ಅಜ್ಜಿ ನನ್ನನ್ನೇ ಒಂದು ಗಳಿಗೆ ನೋಡಿ, ಒಳಗೆ ಹೋಗಿ ಕೆಟಲ್ ಹಚ್ಚಿದರು.

ಮಾತು ಕೊಟ್ಟಾಗಿತ್ತು. ಮೆಟ್ಟಿಲಿಳಿದು, ಬೀದಿಬಾಗಿಲು ಮುಟ್ಟಿ, ಏದುಸಿರು ಬಿಡುತ್ತ ಮತ್ತೆ ಹತ್ತಿದೆ. ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಎರಡು ಕಪ್ಪು. ಅಜ್ಜಿ ಏನೇನೋ ಹೇಳಿದರು. ನಾನು ಅರ್ಥವಾದದ್ದಕ್ಕೂ ಆಗದ್ದಕ್ಕೂ ತಲೆಯಾಡಿಸಿದೆ. ಈ ದೇಶದಲ್ಲಿ ನಾನು ಅಷ್ಟು ನೆಮ್ಮದಿಯಾಗಿ ಕೂತದ್ದು ಅದೇ ಮೊದಲು.

ಕತ್ತಲಾಗುತ್ತಿತ್ತು, ಅಂಗಡಿಯಲ್ಲಿ ಅಕ್ಕ ಕಾಯುತ್ತಿದ್ದಳು. ಎದ್ದೆ. ಈ ಸಲ ತಪ್ಪಬಾರದೆಂದು ನಿಧಾನವಾಗಿ, ಒಂದೊಂದೇ ಅಕ್ಷರ ಹಿಡಿದು, ಸ್ಪಷ್ಟವಾಗಿ ಹೇಳಿದೆ.

ಅಜ್ಜಿ ನಗುತ್ತ ಕೆಟಲ್‌ಗೆ ಮತ್ತೆ ನೀರು ತುಂಬಿದರು.