ಗೋಕರ್ಣದ ಕೆಸರು

ಕೊಟ್ರಮ್ಮನ ಜೀವ ಎಂಟು ದಿನದಿಂದ ಗಂಟಲಲ್ಲೇ ನಿಂತಿತ್ತು. ಅದರಿಂದ ಪಕ್ಕದ ಮನೆಯ ಮೂರ್ತಪ್ಪನ ನೌಕರಿಗೆ ಕುತ್ತು ಬಂದೀತೆಂದು ಹೊಳಲ್ಕೆರೆಯಲ್ಲಿ ಯಾರೂ ಎಣಿಸಿರಲಿಲ್ಲ.

ಮೂರ್ತಪ್ಪನದು ಹುಳುಗಳ ಚಿತ್ರ ಬರೆಯುವ ಕೆಲಸ. ಪ್ಲೇಗು ಊರು ಬಿಟ್ಟ ಮರುವರ್ಷ ಬಂಗಲೆಗೆ ಬಂದಿಳಿದ, ಹುಳುಗಳನ್ನು ಅಭ್ಯಾಸ ಮಾಡುವ ಬಿಳಿಯ ದೊರೆಗೆ, ಗೋಕರ್ಣದಲ್ಲಿ ಅಲೆ ಏರಿ ಇಳಿಯುವ ಜಾಗದ ಕೆಸರು ಜಾಡಿಗಳಲ್ಲಿ ಬರುತ್ತಿತ್ತು. ಅದರಲ್ಲಿ ಕೂದಲಿಗಿಂತ ಸಣ್ಣ ದುಂಡುಹುಳುಗಳು. ಅವುಗಳ ಜಾತಿ ತಿಳಿಯಲು ಗಂಡುಹುಳದ ಬಾಲ ನೋಡಬೇಕು. ಆ ಬೆಳಿಗ್ಗೆ, ಸಂಜೆಯೊಳಗೆ ಗಂಡು ಸಿಕ್ಕರೆ ನೌಕರಿ ಕಾಯಂ, ಇಲ್ಲವಾದರೆ ಮನೆಗೆ ಎಂದು ಹೇಳಿ ದೊರೆ ಚಿತ್ರದುರ್ಗಕ್ಕೆ ಹೋದ. ಕಡಲನ್ನೇ ಕಾಣದ ಮೂರ್ತಪ್ಪ, ಬೆಳಕು ಚೆನ್ನಾಗಿದೆಯೆಂದು ಜಾಡಿಯನ್ನೂ ಸೂಕ್ಷ್ಮದರ್ಶಕವನ್ನೂ ತನ್ನ ಜಗಲಿಗೆ ತಂದ. ಕೆಟ್ಟದ್ದು ಅಲ್ಲಿಯೇ.

ಮಧ್ಯಾಹ್ನಕ್ಕೆ ಒಂದೇ ಒಂದು ಗಂಡು ಸಿಕ್ಕಿತು. ಅದನ್ನು ಜಾಡಿಯಿಂದಲೇ ಗಾಜಿನ ಬಟ್ಟಲಿಗೆ ಬಸಿದ ತಿಳಿನೀರಿಗೆ ಬಿಟ್ಟು ಚಿತ್ರ ಬರೆದು ಮುಗಿಸುವಷ್ಟರಲ್ಲಿ ಕೊಟ್ರಮ್ಮನ ಮಗ ರೇವಣಸಿದ್ದಪ್ಪ ಬಂದ.

"ಗೋಕರ್ಣದ ನೀರು ಐತಂತಲ್ರಿ. ನಮ್ಮವ್ವ ಹೋಗ್ಬೇಕು ಅಂತಿದ್ಲು, ಆಗ್ಲಿಲ್ಲ. ಒಂದು ಚಮಚ ಕೊಡ್ರಿ."

ಅದರಲ್ಲಿ ಹುಳುಗಳಿವೆ ಎಂದ ಮೂರ್ತಪ್ಪ.

"ಗೋಕರ್ಣದ ಹುಳ ಅಲ್ಲೇನ್ರಿ? ನಮಗಿಂತ ಪುಣ್ಯ ಮಾಡಿರ್ತಾವೆ."

ಮೂರ್ತಪ್ಪ ಖಡಾಖಂಡಿತವಾಗಿ ಆಗದೆಂದು ಊಟಕ್ಕೆ ಎದ್ದ. ಬಡಿಸಿಟ್ಟು ಹೊರಗೆ ಬಂದ ಹೆಂಡತಿ ಪುಟ್ಟಕ್ಕ, ರೇವಣಸಿದ್ದಪ್ಪ ಇನ್ನೂ ನಿಂತೇ ಇರುವುದನ್ನು ಕಂಡು ಮರುಗಿದಳು. ಜಾಡಿಯಲ್ಲಿ ಬರೀ ರಾಡಿ. ಬಟ್ಟಲಿನ ನೀರು ತಿಳಿಯಾಗಿತ್ತು; ಅದನ್ನೇ ಕೊಟ್ಟಳು.

ವಿಷಯ ತಿಳಿದ ಮೂರ್ತಪ್ಪ ಎಂಜಲು ಕೈಯಲ್ಲೇ ಓಡಿದ. ಅಷ್ಟರಲ್ಲಿ ನೀರು ಮುದುಕಿಯ ಗಂಟಲು ದಾಟಿತ್ತು. ಕೊಟ್ರಮ್ಮ ಕಣ್ಣು ಬಿಟ್ಟು, "ಉಪ್ಪೇ ಇಲ್ಲ" ಎಂದಳು. ಹಾಗೆಯೇ ಪ್ರಾಣ ಬಿಟ್ಟಳು.

ಮೂವತ್ತು ವರ್ಷ ನನ್ನ ಸಾರಿಗೆ ಹೇಳಿದ್ದನ್ನೇ ಹೇಳುತ್ತ ಹೋದಳಲ್ಲ ಎಂದು ಸೊಸೆ ಏಕಾಂತಮ್ಮ ಗೋಳಾಡಿದಳು.

ಸಂಜೆ ಮೂರ್ತಪ್ಪ ಎಲ್ಲವನ್ನೂ ಬಂಗಲೆಗೆ ಹೊತ್ತು ತಂದ. ದೊರೆ ಚಿತ್ರ ನೋಡಿ ಹಿರಿಹಿರಿ ಹಿಗ್ಗಿದ. ಇಂಥ ಬಾಲವನ್ನು ಯಾರೂ ಕಂಡಿಲ್ಲ, ಹುಳಕ್ಕೆ ನಿನ್ನ ಹೆಸರೇ ಇಡುತ್ತೇನೆ ಎಂದ. ಹುಳ ಮುದುಕಿಯ ಹೊಟ್ಟೆ ಸೇರಿ ಮಣ್ಣಾದ ಸುದ್ದಿಯನ್ನು ಮೂರ್ತಪ್ಪ ಹೇಳಿದರೂ ದೊರೆ ಸಿಟ್ಟಾಗಲಿಲ್ಲ. ಜಾಡಿಯಲ್ಲಿ ಇನ್ನೊಂದು ಸಿಕ್ಕೀತು ಎಂದು ಬೆರಳು ಅದ್ದಿ, ವಾಡಿಕೆಯಂತೆ ನಾಲಿಗೆಗೆ ಮುಟ್ಟಿಸಿದ. ಥೂ ಎಂದು ಉಗುಳಿದ. ತನಗೆ ಬರುತ್ತಿದ್ದ ನಾಲ್ಕು ಕನ್ನಡ ಮಾತುಗಳಲ್ಲಿ ಎರಡನ್ನು ಖರ್ಚು ಮಾಡಿ, "ಉಪ್ಪು ಇಲ್ಲ" ಎಂದ.

ಬಂಗಲೆಯ ಅಡುಗೆಯ ಸಣ್ಣಪ್ಪ ಕಾಲಿಗೆ ಬಿದ್ದ. ಚಿಕ್ಕಜಾಜೂರಿನ ರೈಲು ನಿಲ್ದಾಣದಿಂದ ತರುವಾಗ ಗಾಡಿಯಲ್ಲಿ ಜಾಡಿ ಒಡೆದುಹೋಗಿತ್ತು. ಹೆದರಿ, ಬೇರೊಂದಕ್ಕೆ ಊರ ಕೆರೆಯ ಕೆಸರು ತುಂಬಿದ್ದ. ದೊರೆ ಚಿತ್ರ ಹರಿದ. ಕಡಲು ಯಾವುದು ಕೆರೆ ಯಾವುದು ತಿಳಿಯದವನು ನಾಳೆಯಿಂದ ಬರಬೇಡ ಎಂದು ಮೂರ್ತಪ್ಪನಿಗೆ ಹೇಳಿದ. ಸಣ್ಣಪ್ಪ ಉಳಿದುಕೊಂಡ. ಕೋಳಿ ಸಾರು ಮಾಡುವವರು ಬೇರೆ ಇರಲಿಲ್ಲ.

ಮಣ್ಣು ಮುಗಿಸಿ ಬಂದ ರೇವಣಸಿದ್ದಪ್ಪ ಜಗಲಿಯಲ್ಲಿ ಕಾಯುತ್ತಿದ್ದ. ಮೂರ್ತಪ್ಪನ ಎರಡೂ ಕೈ ಹಿಡಿದುಕೊಂಡ.

"ನಮ್ಮವ್ವ ಗೋಕರ್ಣ ಕಂಡು ಹೋದ್ಲು. ನಿಮ್ ನೌಕರಿಗೇನೂ ತೊಂದ್ರೆ ಆಗ್ಲಿಲ್ಲ ತಾನೆ?"

ಮೂರ್ತಪ್ಪ ಅವನ ಅತ್ತು ಕೆಂಪಾದ ಕಣ್ಣು ನೋಡಿದ.

"ಇಲ್ರಿ," ಎಂದ.